ವಸಂತದ ಹಿಮಾಲಯದಲ್ಲಿ ಜಲ್ಲಿದಾರಿಯ ಸೈಕಲ್ ಯಾತ್ರೆ

ವಸಂತವೆಂದೊಡನೆ ನಮ್ಮ ನಾಡಿನವರ ಮನಸ್ಸಿಗೆ ಬರುವುದು ಮಾವಿನ ಚಿಗುರು, ಹೊಂಗೆಯ ತಳಿರು, ಕೋಗಿಲೆಯ ದನಿ. ಯುಗಾದಿಯ ಹೊತ್ತಿಗೆ ಒಂದು ಹದವಾದ ಮಳೆ ಬಿದ್ದರೆ ಚಿಕ್ಕಮಗಳೂರಿನ ಕಾಫಿತೋಟಗಳು ಬೆಳ್ಳಗೆ ಹೂ ತಳೆಯುವುವು. ಹಿಮಾಲಯದ ಒಳಕಣಿವೆಗಳ ವಸಂತ ಬೇರೆಯೇ ಬಗೆಯದು. ಅಲ್ಲಿಯೂ ಏಪ್ರಿಲ್ ತಿಂಗಳಲ್ಲಿ ಜರ್ದಾಳು ಮತ್ತು ಸೇಬಿನ ಮರಗಳು ಹೂವಿನಿಂದ ತುಂಬುವುವು. ಆದರೆ ಅದೇ ದಿನಗಳಲ್ಲಿ ಮೇಲಿನ ಇಳಿಜಾರುಗಳಲ್ಲಿ ಹಿಮ ಕರಗುವುದು, ಹಳ್ಳಗಳು ಉಕ್ಕುವುವು, ಬಂಡೆಗಳು ಸಡಿಲಗೊಂಡು ರಸ್ತೆಗೆ ಉರುಳುವುವು. ಇಂಥ ಕಾಲದಲ್ಲಿ, ಇಂಥ ಕಣಿವೆಯಲ್ಲಿ ಸೈಕಲ್ಲಿನ ಮೇಲೆ ಪ್ರವಾಸ ಹೊರಡಬೇಕೆಂದಿರುವ ವಿದ್ಯಾರ್ಥಿಗೆ ಉತ್ಸಾಹದಷ್ಟೇ ಲೆಕ್ಕವೂ ಬೇಕು. ಆ ಲೆಕ್ಕದ ಬಗೆಯನ್ನು ಈ ಲೇಖನದಲ್ಲಿ ನೋಡೋಣ.

ಜಲ್ಲಿದಾರಿಯ ಸೈಕಲ್ ಸವಾರಿ ಈಚಿನ ವರ್ಷಗಳಲ್ಲಿ ಲೋಕದ ಹಲವೆಡೆ ಹರಡಿದೆ. ಇದಕ್ಕಾಗಿಯೇ ‘ಗ್ರಾವೆಲ್ ಬೈಸಿಕಲ್’ ಎಂಬ ಸೈಕಲ್ಲುಗಳು ತಯಾರಾಗುತ್ತಿವೆ. ಪಂದ್ಯದ ಸೈಕಲ್ಲಿನಂತೆ ಬಾಗಿದ ಹ್ಯಾಂಡಲ್, 40ರಿಂದ 50 ಮಿಲಿಮೀಟರ್ ಅಗಲದ ಟಯರು, ಕಡಿದಾದ ಏರಿಗೆ ಒದಗುವ ಗೇರುಗಳು ಇವುಗಳ ಲಕ್ಷಣ. ಅಂತರರಾಷ್ಟ್ರೀಯ ಸೈಕ್ಲಿಂಗ್ ಒಕ್ಕೂಟವು 2022ರಲ್ಲಿ ಇಟಲಿಯಲ್ಲಿ ಈ ಬಗೆಯ ಮೊದಲ ವಿಶ್ವ ಚಾಂಪಿಯನ್‌ಷಿಪ್ ನಡೆಸಿತು. ನಾವು ಇಲ್ಲಿ ಪಂದ್ಯದ ಮಾತನ್ನು ಬಿಟ್ಟು, ರಜೆಯಲ್ಲಿ ನಾಲ್ಕಾರು ಗೆಳೆಯರು ಸೇರಿ ಕೈಗೊಳ್ಳಬಹುದಾದ ಒಂದು ಯಾತ್ರೆಯನ್ನು ತೆಗೆದುಕೊಳ್ಳುವೆವು. ಅದು ಹಿಮಾಚಲ ಪ್ರದೇಶದ ಕಿನ್ನೌರ್ ಮತ್ತು ಸ್ಪಿತಿ ಕಣಿವೆಗಳ ದಾರಿ.

ದಾರಿಯ ಪರಿಚಯ

ಶಿಮ್ಲಾದಿಂದ ಹೊರಡುವ ಈ ದಾರಿಯ ಮೊದಲ ಭಾಗ ಹಳೆಯ ಹಿಂದೂಸ್ಥಾನ-ಟಿಬೆಟ್ ರಸ್ತೆಯ ಜಾಡಿನದು. ಆ ರಸ್ತೆಯ ಕೆಲಸ 1850ರಲ್ಲಿ, ಲಾರ್ಡ್ ಡಾಲ್‌ಹೌಸಿಯ ಕಾಲದಲ್ಲಿ ಮೊದಲಾಯಿತು. ದಾರಿಯು ಸುಮಾರು 2,700 ಮೀಟರ್ ಎತ್ತರದ ನಾರ್ಕಂಡಾವನ್ನು ಹಾದು ಸಟ್ಲೆಜ್ ನದಿಗೆ ಇಳಿದು, ಸುಮಾರು 1,000 ಮೀಟರ್ ಎತ್ತರದ ರಾಂಪುರವನ್ನು ಮುಟ್ಟುವುದು. ಅಲ್ಲಿಂದ ನದಿಯ ಕಮರಿಯೊಳಗೆ ಏರುತ್ತ ಕಿನ್ನೌರಿನ ಜಿಲ್ಲಾಕೇಂದ್ರವಾದ ರಿಕಾಂಗ್ ಪಿಯೋ, ಅದರ ಮೇಲಣ ಕಲ್ಪಾ (2,960 ಮೀ.), ಮುಂದೆ ಪೂಹ್ (ಸುಮಾರು 2,700 ಮೀ.) ಸಿಕ್ಕುವುವು. ಖಾಬ್ ಎಂಬಲ್ಲಿ ಸ್ಪಿತಿ ನದಿ ಸಟ್ಲೆಜನ್ನು ಸೇರುವುದು. ಸಂಗಮದಿಂದ ರಸ್ತೆ ಸ್ಪಿತಿಯ ಕಣಿವೆಗೆ ತಿರುಗಿ, ನಾಕೋ (ಸುಮಾರು 3,660 ಮೀ.) ಊರಿಗೆ ಹಾವಿನಂತೆ ಸುತ್ತಿ ಏರಿ, ಮತ್ತೆ ನದಿಯ ಬಳಿಗೆ ಇಳಿದು, ತಾಬೋ (3,280 ಮೀ.) ಮತ್ತು ಕಾಜಾ (ಸುಮಾರು 3,650 ಮೀ.) ಪಟ್ಟಣಗಳನ್ನು ತಲುಪುವುದು. ತಾಬೋದ ಬೌದ್ಧವಿಹಾರ ಕ್ರಿ. ಶ. 996ರಲ್ಲಿ ಸ್ಥಾಪಿತವಾದುದು.

ಈ ಎತ್ತರಗಳನ್ನು ನಮ್ಮ ನಾಡಿನ ಅಳತೆಯಲ್ಲಿ ಗ್ರಹಿಸುವುದು ಒಳ್ಳೆಯದು. ಕರ್ನಾಟಕದ ಅತ್ಯುನ್ನತ ಶಿಖರವಾದ ಮುಳ್ಳಯ್ಯನಗಿರಿ 1,930 ಮೀಟರ್ ಎತ್ತರವಿದೆ. ಶಿಮ್ಲಾ ಪಟ್ಟಣವೇ ಇದಕ್ಕಿಂತ ಎತ್ತರ. ನಾಕೋ ಇದರ ಒಂದೂಮುಕ್ಕಾಲು ಪಾಲಿಗೂ ಮೀರಿದುದು. ನಂದಿಬೆಟ್ಟವನ್ನು ಹತ್ತಿ ಕಾಲಿನ ಬಲವನ್ನು ಬೆಳೆಸಿಕೊಳ್ಳಬಹುದು. ತೆಳುವಾದ ಗಾಳಿಯನ್ನು ಉಸಿರಾಡುವ ಅಭ್ಯಾಸ ಮಾತ್ರ ಅಲ್ಲಿ ದೊರೆಯದು.

ಕಾಜಾದಿಂದ ಪಶ್ಚಿಮಕ್ಕೆ ಮುಂದುವರಿದರೆ ಕುಂಜುಂ ಕಣಿವೆಮಾರ್ಗದ ಮೂಲಕ ಮನಾಲಿಯ ಕಡೆಗೆ ಹೋಗಬಹುದು. ಆದರೆ 4,500 ಮೀಟರಿಗೂ ಮಿಕ್ಕಿದ ಆ ಮಾರ್ಗ ಚಳಿಗಾಲವಿಡೀ ಹಿಮದಿಂದ ಮುಚ್ಚಿದ್ದು, ಸಾಮಾನ್ಯವಾಗಿ ಮೇ ಕೊನೆಗೋ ಜೂನ್ ತಿಂಗಳಿಗೋ ತೆರೆಯುವುದು. ಆದ್ದರಿಂದ ವಸಂತದ ಯಾತ್ರಿಕನು ಹೋದ ದಾರಿಯಲ್ಲೇ ಮರಳಬೇಕು. ಭೂಪಟದಲ್ಲಿ ಸುತ್ತುದಾರಿ ಕಾಣುವುದೆಂದು ಅದನ್ನು ನಂಬಿ ದಿನಗಳನ್ನು ಹಂಚಿಕೊಳ್ಳುವುದು ತಪ್ಪು.

ಜಲ್ಲಿ ಎಲ್ಲಿಂದ ಬಂತು?

ಈ ದಾರಿಯ ಬಹುಭಾಗಕ್ಕೆ ಡಾಂಬರು ಹಾಕಿರುವರು. ಹಾಗಾದರೆ ಜಲ್ಲಿಗೆ ಒದಗುವ ಸೈಕಲ್ ಏಕೆ ಎಂದು ಓದುಗರು ಕೇಳಬಹುದು. ಉತ್ತರ ಬೆಟ್ಟದ ಮೈಯಲ್ಲೇ ಇದೆ. ನೀರು ಹೆಪ್ಪುಗಟ್ಟುವಾಗ ಅದರ ಗಾತ್ರ ನೂರಕ್ಕೆ ಸುಮಾರು 9ರಷ್ಟು ಹಿಗ್ಗುವುದು. ಬಂಡೆಯ ಬಿರುಕಿನೊಳಗೆ ಹಗಲು ಇಳಿದ ನೀರು ರಾತ್ರಿ ಮಂಜುಗಡ್ಡೆಯಾಗಿ ಬಿರುಕನ್ನು ಬೆಣೆಯಂತೆ ಸೀಳುವುದು. ಮರುದಿನ ಕರಗಿ ಇನ್ನಷ್ಟು ಆಳಕ್ಕೆ ಇಳಿಯುವುದು. ನಡುಚಳಿಗಾಲದಲ್ಲಿ ಹಗಲೂ ರಾತ್ರಿಯೂ ಹೆಪ್ಪುಗಟ್ಟಿಯೇ ಇರುವ ಎತ್ತರಗಳಲ್ಲಿ ಈ ಕೆಲಸ ಮಂದ. ಹಗಲು ಸೊನ್ನೆ ಡಿಗ್ರಿಗಿಂತ ಮೇಲೆ, ರಾತ್ರಿ ಅದಕ್ಕಿಂತ ಕೆಳಗೆ ಉಷ್ಣತೆ ತೂಗಾಡುವ ವಸಂತದಲ್ಲಿ ಅದು ದಿನವೂ ನಡೆಯುವುದು. ಮಂಜುಗಡ್ಡೆ ಬೆಣೆಯೂ ಹೌದು, ಅಂಟೂ ಹೌದು. ಅದು ಕರಗಿದೊಡನೆ, ಅಲ್ಲಿಯ ತನಕ ಹಿಡಿದುಕೊಂಡಿದ್ದ ಚೂರುಗಳು ಜಾರಿ ಬೀಳುವುವು.

ಕಿನ್ನೌರ್ ಮತ್ತು ಸ್ಪಿತಿಗಳು ಮಳೆಯ ಮರೆಯ ನಾಡುಗಳು. ಒಳಕ್ಕೆ ಹೋದಷ್ಟೂ ಕಾಡು ವಿರಳವಾಗಿ, ಬೇರುಗಳಿಂದ ಮಣ್ಣನ್ನು ಹಿಡಿದಿಡುವ ಮರಗಳು ಇಲ್ಲವಾಗುವುವು. ನೆಲವೂ ಸ್ಥಿರವಲ್ಲ, 1975ರ ಜನವರಿ 19ರ ಕಿನ್ನೌರ್ ಭೂಕಂಪದಲ್ಲಿ ತಾಬೋದ ವಿಹಾರಕ್ಕೂ ಹಾನಿಯಾಯಿತು. ಹೀಗೆ ಚಳಿಗಾಲ ಕಳೆಯುವ ವೇಳೆಗೆ ಡಾಂಬರು ರಸ್ತೆಯ ಎಷ್ಟೋ ತುಣುಕುಗಳು ಕಿತ್ತು, ಅಥವಾ ಮೇಲಿಂದ ಬಂದ ಕಲ್ಲುಮಣ್ಣಿನಲ್ಲಿ ಹೂತು, ತಾವಾಗಿಯೇ ಜಲ್ಲಿದಾರಿಗಳಾಗಿರುವುವು. ನಮ್ಮ ಗಾಲಿಯ ಕೆಳಗೆ ಚರಚರ ಎನ್ನುವ ಕಲ್ಲು ನಿನ್ನೆಯೋ ಮೊನ್ನೆಯೋ ಬಂಡೆಯ ಭಾಗವಾಗಿದ್ದಿರಬಹುದು. ಜಲ್ಲಿದಾರಿಯನ್ನು ಒದಗಿಸುವ ಕ್ರಿಯೆಯೇ ಅಪಾಯವನ್ನೂ ಒದಗಿಸುವುದೆಂಬ ಈ ಮಾತನ್ನು ಯೋಜಕನು ಮರೆಯಬಾರದು.

ಏರಿನ ಲೆಕ್ಕ

ಖಾಬಿನ ಸಂಗಮದಿಂದ ನಾಕೋಗೆ ಸುಮಾರು 30 ಕಿಲೋಮೀಟರ್ ದಾರಿ. ಏರಬೇಕಾದ ಎತ್ತರ ಸುಮಾರು 1,200 ಮೀಟರ್. ಬಯಲುಸೀಮೆಯ ಸಮರಸ್ತೆಯಲ್ಲಿ 30 ಕಿಲೋಮೀಟರನ್ನು ಒಂದೂವರೆ ಗಂಟೆಯಲ್ಲಿ ಮುಗಿಸುವವರುಂಟು. ಇಲ್ಲಿ ಎಷ್ಟು ಹೊತ್ತು ಬೇಕು? ಪಾಠಶಾಲೆಯಲ್ಲಿ ಕಲಿತ ಭೌತಶಾಸ್ತ್ರವೇ ಇದಕ್ಕೆ ಸಾಕು.

ಸವಾರ, ಸೈಕಲ್, ಸಾಮಾನು ಸೇರಿ 100 ಕಿಲೋಗ್ರಾಂ ಎನ್ನೋಣ. ಇಷ್ಟನ್ನು 1,200 ಮೀಟರ್ ಮೇಲೆತ್ತಲು ಬೇಕಾದ ಕೆಲಸ 100 × 9.8 × 1,200, ಅಂದರೆ 11,76,000 ಜೌಲ್. ಇದರೊಡನೆ ಗಾಲಿ ಉರುಳುವಾಗಿನ ತಡೆಯೂ ಉಂಟು. ಸಡಿಲವಾದ ಜಲ್ಲಿಯ ಮೇಲೆ ಅದು ಒಟ್ಟು ಭಾರದ ನೂರಕ್ಕೆ ಎರಡರಷ್ಟು, ಸುಮಾರು 20 ನ್ಯೂಟನ್ ಎಂದು ಹಿಡಿಯಬಹುದು. ನುಣುಪಾದ ಡಾಂಬರಿನ ಮೇಲೆ ಅದು ಇದರ ಕಾಲುಭಾಗ. ದಾರಿಯೆಲ್ಲ ಜಲ್ಲಿಯೇ ಎಂದು ಎಣಿಸಿದರೆ 30,000 ಮೀಟರಿಗೆ 6,00,000 ಜೌಲ್. ಒಟ್ಟು ಕೆಲಸ 17,76,000 ಜೌಲ್. ಆರೋಗ್ಯವಂತ ತರುಣನೊಬ್ಬನು ಗಂಟೆಗಟ್ಟಲೆ ಒಂದೇ ಸಮನೆ ಒದಗಿಸಬಲ್ಲ ಸಾಮರ್ಥ್ಯ 100 ವ್ಯಾಟ್ ಎಂದಿಟ್ಟುಕೊಂಡರೆ, ಬೇಕಾಗುವ ಕಾಲ 17,760 ಸೆಕೆಂಡು, ಅಂದರೆ ಸುಮಾರು ಐದು ಗಂಟೆ. ವಿಶ್ರಾಂತಿ, ಊಟ, ಪಂಕ್ಚರ್, ಎತ್ತರದಲ್ಲಿ ಕುಗ್ಗುವ ಬಲ ಇವನ್ನು ಸೇರಿಸಿದರೆ ಏಳು ಗಂಟೆಯನ್ನಾದರೂ ಮೀಸಲಿಡಬೇಕು.

ಊಟದ ಲೆಕ್ಕವೂ ಇದರಿಂದಲೇ ಹೊರಡುವುದು. ಆಹಾರದ ಶಕ್ತಿಯಲ್ಲಿ ಐದರಲ್ಲೊಂದು ಅಥವಾ ನಾಲ್ಕರಲ್ಲೊಂದು ಪಾಲನ್ನು ಮಾತ್ರ ಸ್ನಾಯುಗಳು ಕೆಲಸವಾಗಿ ಮಾರ್ಪಡಿಸಬಲ್ಲವು. ಉಳಿದುದು ಶಾಖವಾಗಿ ಹೋಗುವುದು. ಆದ್ದರಿಂದ ಈ ಏರೊಂದಕ್ಕೇ 1,700ರಿಂದ 2,100 ಕಿಲೋಕ್ಯಾಲೊರಿ ಬೇಕು. ಇದು ದಿನದ ಸಾಮಾನ್ಯ ಆಹಾರಕ್ಕಿಂತ ಹೆಚ್ಚಾಗಿ ಬೇಕಾದುದು. ಎತ್ತರದಲ್ಲಿ ಹಸಿವು ಮಂದವಾಗುವುದರಿಂದ ಬೆಲ್ಲ, ಕಡಲೆಕಾಯಿ, ಒಣಹಣ್ಣುಗಳನ್ನು ಜೇಬಿನಲ್ಲಿಟ್ಟುಕೊಂಡು ಆಗಾಗ ತಿನ್ನುವುದು ಮೇಲು.

ಗೇರು, ಟಯರು, ಬ್ರೇಕು

ಮುಂದೆ 44, ಹಿಂದೆ 18 ಹಲ್ಲುಗಳಿರುವ ಸಾಮಾನ್ಯ ಸೈಕಲ್ಲಿನ ಪೆಡಲನ್ನು ಒಂದು ಸುತ್ತು ತುಳಿದರೆ ಅದು ಐದು ಮೀಟರಿಗಿಂತ ಹೆಚ್ಚು ಮುಂದೆ ಹೋಗುವುದು. ನಿಮಿಷಕ್ಕೆ 60 ಸುತ್ತಿನಂತೆ ನಾಕೋದ ಏರಿನಲ್ಲಿ ಇದನ್ನು ತುಳಿಯಲು, ಜಲ್ಲಿಯ ತಡೆಯನ್ನು ಬಿಟ್ಟರೂ, 200 ವ್ಯಾಟಿಗೆ ಮಿಕ್ಕಿದ ಸಾಮರ್ಥ್ಯ ಬೇಕು. ಮುಂದೆ 30, ಹಿಂದೆ 42 ಹಲ್ಲುಗಳಿದ್ದರೆ ಒಂದು ಸುತ್ತಿಗೆ ಒಂದೂವರೆ ಮೀಟರಿಗಿಂತ ತುಸುವೇ ಹೆಚ್ಚು ಸಾಗುವೆವು. ಜಲ್ಲಿಯ ತಡೆಯೂ ಸೇರಿ 100 ವ್ಯಾಟಿನೊಳಗೆ ಕೆಲಸ ಮುಗಿಯುವುದು. ವೇಗ ನಡಿಗೆಗಿಂತ ಹೆಚ್ಚಲ್ಲ, ಆದರೆ ಉಸಿರು ಕಟ್ಟದು.

ಟಯರಿಗೆ ಗಾಳಿ ತುಂಬುವುದರಲ್ಲಿಯೂ ವಿವೇಕ ಬೇಕು. ಗಟ್ಟಿಯಾಗಿ ಉಬ್ಬಿದ ಟಯರು ಒಂದೊಂದು ಕಲ್ಲಿನ ಮೇಲೂ ಸವಾರನನ್ನೂ ಸೈಕಲ್ಲನ್ನೂ ಎತ್ತಿ ಹಾಕುವುದು. ಆ ಶಕ್ತಿ ವ್ಯರ್ಥ. ತುಸು ಮೆತ್ತಗಿರುವ ಅಗಲವಾದ ಟಯರು ಕಲ್ಲನ್ನು ತನ್ನೊಳಗೆ ಅಡಗಿಸಿಕೊಂಡು ಮುಂದೆ ಸಾಗುವುದು. ಮೇಲೇರಿದಂತೆ ಹೊರಗಿನ ವಾಯುವಿನ ಒತ್ತಡ ಕಡಮೆಯಾಗುವುದರಿಂದ ಟಯರು ಬಿರಿಯಬಹುದೆಂದು ಕೆಲವರು ಅಂಜುವರು. ಶಿಮ್ಲಾದಿಂದ ಕಾಜಾಕ್ಕೆ ಈ ವ್ಯತ್ಯಾಸ ಅಲ್ಪ. ಚಳಿಯಿಂದ ಒಳಗಿನ ಗಾಳಿ ಕುಗ್ಗಿ ಅದನ್ನು ಬಹುಮಟ್ಟಿಗೆ ಸರಿದೂಗಿಸುವುದು.

ಇಳಿಯುವಾಗ, ಏರುವಾಗ ಸಂಪಾದಿಸಿದ ಶಕ್ತಿಯೆಲ್ಲ ಹಿಂದಿರುಗುವುದು. 100 ಕಿಲೋಗ್ರಾಂ ಭಾರ 1,000 ಮೀಟರ್ ಇಳಿದಾಗ ಹೊರಬೀಳುವ ಶಕ್ತಿಯಿಂದ ಸುಮಾರು ಮೂರು ಲೀಟರ್ ನೀರನ್ನು 20 ಡಿಗ್ರಿಯಿಂದ 100 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯಿಸಬಹುದು. ಮೆಲ್ಲನೆ ಇಳಿಯುವವನ ಬ್ರೇಕುಗಳು ಇದರ ಬಹುಪಾಲನ್ನು ಶಾಖವಾಗಿ ಹೊರಗೆಡಹಬೇಕು. ಆದ್ದರಿಂದ ಬ್ರೇಕಿನ ಪ್ಯಾಡುಗಳು ಹೊಸವಾಗಿರಬೇಕು, ಬಿಡಿಪ್ಯಾಡುಗಳು ಚೀಲದಲ್ಲಿರಬೇಕು, ಉದ್ದನೆಯ ಇಳಿತದಲ್ಲಿ ನಡುನಡುವೆ ನಿಂತು ಅವು ತಣಿಯಲು ಬಿಡಬೇಕು.

ತೆಳುವಾದ ಗಾಳಿ

ಕಾಜಾದ ಎತ್ತರದಲ್ಲಿ ವಾಯುವಿನ ಒತ್ತಡ ಸಮುದ್ರಮಟ್ಟದಲ್ಲಿರುವುದರ ನೂರಕ್ಕೆ ಸುಮಾರು 64ರಷ್ಟು. ಅಲ್ಲಿ ನೀರು 88 ಡಿಗ್ರಿಯ ಸುಮಾರಿಗೇ ಕುದಿಯುವುದರಿಂದ ಬೇಳೆ ಬೇಯಲು ಪ್ರೆಷರ್ ಕುಕ್ಕರ್ ಬೇಕು. ಒಂದೊಂದು ಉಸಿರಿನಲ್ಲಿಯೂ ದೊರೆಯುವ ಆಮ್ಲಜನಕ ಅದೇ ಪ್ರಮಾಣದಲ್ಲಿ ಕಡಮೆ. ದೇಹ ಇದಕ್ಕೆ ಹೊಂದಿಕೊಳ್ಳಬಲ್ಲದು, ಆದರೆ ಅವಸರದಿಂದಲ್ಲ. ಮೊದಲು ಉಸಿರಾಟ ಮತ್ತು ನಾಡಿಯ ಬಡಿತ ಹೆಚ್ಚುವುವು. ಮುಂದಿನ ದಿನಗಳಲ್ಲಿ ಮೂತ್ರಪಿಂಡಗಳು ರಕ್ತದ ಕ್ಷಾರತೆಯನ್ನು ತಿದ್ದುವುವು. ಕೆಂಪು ರಕ್ತಕಣಗಳು ಹೆಚ್ಚಲು ವಾರಗಳೇ ಬೇಕು.

ಹೊಂದಿಕೊಳ್ಳಲು ಅವಕಾಶ ಕೊಡದೆ ಮೇಲೇರಿದವನಿಗೆ ತಲೆನೋವು, ವಾಕರಿಕೆ, ನಿದ್ರಾಹೀನತೆ ತೋರುವುವು. ಇವನ್ನು ಕಡೆಗಣಿಸಿ ಇನ್ನೂ ಏರಿದರೆ ಶ್ವಾಸಕೋಶಗಳಲ್ಲಿ ನೀರು ತುಂಬುವುದು, ಅಥವಾ ಮಿದುಳು ಊದುವುದು, ಎರಡೂ ಪ್ರಾಣಾಂತಿಕ. ದೇಹದಾರ್ಢ್ಯ ಇದಕ್ಕೆ ರಕ್ಷೆಯಲ್ಲ. ಬಲಿಷ್ಠನಾದ ಸವಾರನು ಬೇಗ ಮೇಲೇರಬಲ್ಲನಾದುದರಿಂದ ಅವನಿಗೇ ಅಪಾಯ ಹೆಚ್ಚಾಗಬಹುದು. 3,000 ಮೀಟರಿನಿಂದ ಮೇಲೆ, ರಾತ್ರಿ ಮಲಗುವ ಎತ್ತರವನ್ನು ದಿನಕ್ಕೆ 500 ಮೀಟರಿಗಿಂತ ಹೆಚ್ಚಿಸಬಾರದು, ಮೂರು ನಾಲ್ಕು ದಿನಗಳಿಗೊಮ್ಮೆ ಒಂದೇ ಎತ್ತರದಲ್ಲಿ ತಂಗಬೇಕು ಎಂಬುದು ವೈದ್ಯರು ಹೇಳುವ ನಿಯಮ. ಹಗಲು ಎತ್ತರಕ್ಕೆ ಹೋಗಿ ರಾತ್ರಿಗೆ ಕೆಳಗಿಳಿದು ಮಲಗುವುದು ಒಳ್ಳೆಯ ಅಭ್ಯಾಸ.

ಬೆಟ್ಟದ ಗಡಿಯಾರ

ವಸಂತದ ಬೆಟ್ಟಕ್ಕೆ ತನ್ನದೇ ಆದ ದಿನಚರಿಯುಂಟು. ನಸುಕಿನಲ್ಲಿ ರಸ್ತೆಯ ನೆರಳಿನ ತಿರುವುಗಳಲ್ಲಿ, ನಿನ್ನೆ ಹರಿದ ನೀರು ಕಣ್ಣಿಗೆ ಕಾಣದಷ್ಟು ತೆಳುವಾದ ಮಂಜುಗಡ್ಡೆಯಾಗಿರುವುದು. ಸೈಕಲ್ಲಿಗೆ ಇದರಷ್ಟು ಕೆಟ್ಟ ನೆಲ ಇನ್ನೊಂದಿಲ್ಲ. ಬಿಸಿಲೇರಿದಂತೆ ಅದು ಕರಗುವುದು. ಮಧ್ಯಾಹ್ನದ ಬಿಸಿಲು ಮೇಲಿನ ಹಿಮವನ್ನು ಕರಗಿಸಿ, ಆ ನೀರು ಕೆಳಗೆ ಹರಿದು ಬರುವ ಹೊತ್ತಿಗೆ ಹಗಲು ಇಳಿದಿರುವುದು. ರಸ್ತೆಗೆ ಅಡ್ಡಲಾಗಿ ಹರಿಯುವ ಹಳ್ಳಗಳು ತುಂಬುವುದು ಆಗಲೇ. ಬೆಳಗ್ಗೆ ಪಾದ ಮುಳುಗುವಷ್ಟಿದ್ದ ನೀರು ಸಂಜೆಗೆ ಮೊಣಕಾಲು ಮುಟ್ಟಿ ಕಲ್ಲುಗಳನ್ನೇ ಉರುಳಿಸಬಹುದು. ತೇವದಿಂದ ಭಾರವಾದ ಹಿಮದ ಕುಸಿತಕ್ಕೂ, ಕಲ್ಲು ಬೀಳುವುದಕ್ಕೂ ಬಿಸಿಲಿನ ಹೊತ್ತೇ ಹೆಚ್ಚು ಅನುಕೂಲ.

ಗಾಳಿಯೂ ಈ ಗಡಿಯಾರವನ್ನೇ ಅನುಸರಿಸುವುದು. ಹಗಲು ಬಿಸಿಯಾದ ಇಳಿಜಾರುಗಳ ಗಾಳಿ ಮೇಲೇರಿದಾಗ, ಅದರ ಎಡೆಯನ್ನು ತುಂಬಲು ಕಣಿವೆಯ ಕೆಳಗಿನಿಂದ ಗಾಳಿ ನುಗ್ಗುವುದು. ಹೋಗುವಾಗ ಬೆನ್ನಿಗೆ ನೆರವಾದ ಮಧ್ಯಾಹ್ನದ ಗಾಳಿ ಮರಳುವಾಗ ಎದೆಗೆ ಬಡಿಯುವುದು. ಹೀಗಾಗಿ ಸವಾರನಿಗೆ ಸಲ್ಲುವ ವೇಳೆ ಮಂಜುಗಡ್ಡೆ ಕರಗಿದ ಮೇಲೆ, ಹಳ್ಳ ತುಂಬುವ ಮೊದಲು. ಸ್ಥೂಲವಾಗಿ ಬೆಳಗ್ಗೆ ಎಂಟರಿಂದ ಮಧ್ಯಾಹ್ನ ಒಂದರವರೆಗೆ. ಮಂಜುಗಡ್ಡೆಯ ಭಯವಿಲ್ಲದ ತಗ್ಗಿನ ಭಾಗಗಳಲ್ಲಿ ಇನ್ನೂ ಬೇಗ ಹೊರಡಬಹುದು.

ಎರಡು ನಿಯಮಗಳ ತೊಡಕು

ಈಗ ಯೋಜನೆಯ ನಿಜವಾದ ಕಗ್ಗಂಟಿಗೆ ಬಂದೆವು. ಪೂಹ್‌ನಲ್ಲಿ ಮಲಗಿದವನು ಮರುದಿನ ಖಾಬನ್ನು ಹಾದು ನಾಕೋ ಏರುವನು. ನಾಕೋ ಪೂಹ್‌ಗಿಂತ ಸುಮಾರು 1,000 ಮೀಟರ್ ಎತ್ತರ. ಮಲಗುವ ಎತ್ತರದ ನಿಯಮದಂತೆ ಅಲ್ಲಿ ರಾತ್ರಿ ತಂಗದೆ, ಮುಂದಿನ ಇಳಿತದಲ್ಲಿ ಚಾಂಗೋ ಊರಿಗೆ ಇಳಿದುಬಿಡುವುದು ಸರಿ. ಆದರೆ ನಾಕೋ ಮತ್ತು ಚಾಂಗೋ ನಡುವೆ, ಭೂಕುಸಿತಕ್ಕೆ ಹೆಸರಾದ ಮಾಲಿಂಗ್ ಹಳ್ಳವಿದೆ. ಏಳು ಗಂಟೆಯ ಏರನ್ನು ಮುಗಿಸಿದವನು ಅದನ್ನು ಮುಟ್ಟುವುದು ಇಳಿಹಗಲಿನಲ್ಲಿ, ಗಡಿಯಾರದ ನಿಯಮ ಬೇಡವೆನ್ನುವ ಹೊತ್ತಿನಲ್ಲಿ. ಒಂದು ನಿಯಮ ಮುಂದೆ ಹೋಗೆನ್ನುವುದು, ಇನ್ನೊಂದು ನಿಲ್ಲೆನ್ನುವುದು.

ಇಂಥಲ್ಲಿ ದಿನಗಳನ್ನು ವೆಚ್ಚಮಾಡಿ ತೊಡಕನ್ನು ಬಿಡಿಸಬೇಕು. ಕಲ್ಲು ಬೀಳುವುದನ್ನು ನಾವು ತಡೆಯಲಾರೆವು. ದೇಹವನ್ನು ಮುಂಚಿತವಾಗಿ ಸಿದ್ಧಗೊಳಿಸಬಲ್ಲೆವು. ಕಲ್ಪಾದಲ್ಲಿ ಮೂರು ರಾತ್ರಿ ತಂಗಿ, ಹಗಲಿನಲ್ಲಿ ಊರಿನ ಮೇಲಣ ಇಳಿಜಾರುಗಳಿಗೆ ನಡೆದು ಮರಳಬೇಕು. ಆಮೇಲೆ ಪೂಹ್‌ನಲ್ಲಿ ಒಂದು ರಾತ್ರಿ, ನಾಕೋದಲ್ಲಿ ಎರಡು ರಾತ್ರಿ. ಕಲ್ಪಾಕ್ಕೆ ಹೋಲಿಸಿದರೆ ನಾಕೋದ ಹೆಚ್ಚಳ 700 ಮೀಟರ್. ಇದು ನಿಯಮವನ್ನು ಮೀರುವುದಾದರೂ, ಹಿಂದೆ ಮುಂದೆ ಸೇರಿಸಿದ ವಿಶ್ರಾಂತಿಯ ದಿನಗಳಿಂದ ಸರಾಸರಿ ಮಿತಿಯೊಳಗೆ ಬರುವುದು. ನಾಕೋದಲ್ಲಿ ಯಾರಿಗಾದರೂ ತಲೆನೋವಿನೊಡನೆ ವಾಕರಿಕೆ ಕಂಡುಬಂದರೆ ತಂಡವು ಮುಂದೆ ಹೋಗಬಾರದು. ಲಕ್ಷಣಗಳು ಬಲಿತರೆ ಸಿಕ್ಕಿದ ವಾಹನದಲ್ಲಿ ತಡಮಾಡದೆ ಪೂಹ್‌ಗೆ ಇಳಿಯಬೇಕು; ಎಲ್ಲರೂ ಚೆನ್ನಾಗಿದ್ದರೆ ಮೂರನೆಯ ಬೆಳಗ್ಗೆ ಮಾಲಿಂಗ್ ಹಳ್ಳವನ್ನು ದಾಟಬೇಕು. ಅಲ್ಲಿಂದ ತಾಬೋ ನಾಕೋಗಿಂತ ತಗ್ಗಿನಲ್ಲಿರುವುದರಿಂದ ದೇಹಕ್ಕೆ ಬಿಡುವು ದೊರೆಯುವುದು.

ಒಟ್ಟು ಯೋಜನೆ ಹೀಗಾಗುವುದು: ನಾರ್ಕಂಡಾ, ರಾಂಪುರ, ನಡುದಾರಿಯ ಒಂದು ಊರು, ಇವುಗಳಲ್ಲಿ ಒಂದೊಂದು ರಾತ್ರಿ, ಕಲ್ಪಾದಲ್ಲಿ ಮೂರು, ಪೂಹ್‌ನಲ್ಲಿ ಒಂದು, ನಾಕೋ, ತಾಬೋ, ಕಾಜಾಗಳಲ್ಲಿ ಎರಡೆರಡು. ಒಟ್ಟು 13 ರಾತ್ರಿಗಳು. ಹವೆ ಕೆಡಬಹುದೆಂದು, ರಸ್ತೆ ಮುಚ್ಚಬಹುದೆಂದು ಮೂರು ದಿನಗಳನ್ನು ಕೈಯಲ್ಲಿಟ್ಟುಕೊಳ್ಳಬೇಕು. ಏಕೆಂದರೆ ಮೆಡಿಟರೇನಿಯನ್ ಕಡೆಯಿಂದ ಬರುವ ‘ಪಶ್ಚಿಮದ ಕ್ಷೋಭೆ’ಗಳು ವಸಂತದಲ್ಲಿಯೂ ಇಲ್ಲಿ ಮಳೆ, ಹಿಮಗಳನ್ನು ಸುರಿಸಬಲ್ಲವು. ಭಾರತೀಯ ಹವಾಮಾನ ಇಲಾಖೆಯ ಮುನ್ಸೂಚನೆಯನ್ನು ಪ್ರತಿ ಸಂಜೆಯೂ ನೋಡಬೇಕು. ಕಾಜಾದಿಂದ ರಿಕಾಂಗ್ ಪಿಯೋಗೆ ಸರ್ಕಾರಿ ಬಸ್ಸುಂಟು; ಸೈಕಲ್ಲುಗಳನ್ನು ಅದರ ಮೇಲೆ ಕಟ್ಟಿ ಮರಳಬಹುದು.

ಕಾಲದ ಆಯ್ಕೆ

ಏಪ್ರಿಲ್ ಕೊನೆಯಿಂದ ಮೇ ಮಧ್ಯದವರೆಗಿನ ಕಾಲ ನಮ್ಮ ವಿದ್ಯಾರ್ಥಿಗಳ ರಜೆಗೂ ಹೊಂದುವುದು. ಅದಕ್ಕೆ ಮೊದಲು ಚಳಿ ಕಠಿಣ. ತಡವಾದರೆ ಮುಂಗಾರು ಹತ್ತಿರ. ಕಿನ್ನೌರಿನಲ್ಲಿ 2021ರ ಜುಲೈ 25ರಂದು ಬಟ್ಸೇರಿಯ ಬಳಿ ಉರುಳಿದ ಬಂಡೆಗಳಿಂದ ಒಂಬತ್ತು ಮಂದಿ ಪ್ರವಾಸಿಗರು ಮಡಿದರು. ಅದೇ ವರ್ಷ ಆಗಸ್ಟ್ 11ರಂದು ನಿಗುಲ್ಸಾರಿಯಲ್ಲಿ ಹೆದ್ದಾರಿಯ ಮೇಲೆ ಗುಡ್ಡ ಕುಸಿದು 28 ಮಂದಿ ಅಸುನೀಗಿದರು. ವಸಂತದಲ್ಲಿ ಇಂಥದು ನಡೆಯದೆಂದು ಯಾರೂ ಹೇಳಲಾರರು. ಹಿಮ ಕರಗುವುದಕ್ಕೆ ಹೊತ್ತುಗೊತ್ತುಂಟು; ಮುಂಗಾರಿನ ಮಳೆಗೆ ಅದಿಲ್ಲ. ಹೊತ್ತುಗೊತ್ತಿರುವ ಅಪಾಯವನ್ನು ಯೋಜನೆಯಿಂದ ಬಹುಮಟ್ಟಿಗೆ ತಪ್ಪಿಸಿಕೊಳ್ಳಬಹುದು.

ಚೀಲದಲ್ಲಿ ಇರಬೇಕಾದವು ಕೆಲವೇ: ಬಿಡಿ ಟ್ಯೂಬು, ಪಂಪು, ಚೈನ್ ಕೂಡಿಸುವ ಸಾಧನ, ಬಿಡಿ ಕಡ್ಡಿಗಳು, ಉಣ್ಣೆಯ ಉಡುಪು, ಶಿರಸ್ತ್ರಾಣ, ಕಪ್ಪು ಕನ್ನಡಕ, ಗುರುತಿನ ಚೀಟಿ. ಪ್ರತಿ 1,000 ಮೀಟರಿಗೆ ಅತಿನೇರಳೆ ಕಿರಣಗಳು ನೂರಕ್ಕೆ ಹತ್ತರಷ್ಟು ಹೆಚ್ಚುವುವು, ಹಿಮ ಅವನ್ನು ಪ್ರತಿಫಲಿಸುವುದು. ಆದ್ದರಿಂದ ಕನ್ನಡಕ ಅವಶ್ಯ. ಗಡಿನಾಡಾದರೂ ಈ ದಾರಿಗೆ ಭಾರತೀಯರಿಗೆ ವಿಶೇಷ ಪರವಾನಗಿ ಬೇಡ.

ಇನ್ನೊಂದು ಹಾಳೆಯೂ ಜೊತೆಗಿರಲಿ. ಪ್ರತಿ ದಿನದ ದಾರಿಗೂ ಎದುರಾಗಿ, ಎಷ್ಟು ಹೊತ್ತಿನೊಳಗೆ ಎಲ್ಲಿಗೆ ತಲುಪದಿದ್ದರೆ ಹಿಂದಿರುಗಬೇಕು ಎಂಬುದನ್ನು ಅದರಲ್ಲಿ ಮನೆಯಲ್ಲಿರುವಾಗಲೇ ಬರೆದಿಡಬೇಕು. ದಣಿದ ದೇಹ, ತೆಳುವಾದ ಗಾಳಿ, ಗೆಳೆಯರ ಹುರುಪು ಇವು ಸೇರಿದಾಗ ಬೆಟ್ಟದ ಮೇಲೆ ಮಾಡುವ ನಿರ್ಧಾರಕ್ಕಿಂತ, ಮೇಜಿನ ಮುಂದೆ ಕುಳಿತು ಮಾಡಿದ ನಿರ್ಧಾರ ಹೆಚ್ಚು ನಂಬಿಕೆಗೆ ಅರ್ಹ. ಆ ಹಾಳೆಯ ಪ್ರತಿಯೊಂದನ್ನು ತಾಯಿತಂದೆಯರ ಕೈಗೆ ಕೊಟ್ಟು ಹೊರಡುವ ತರುಣ ತರುಣಿಯರು ಕಿನ್ನೌರಿನ ಹೂಬಿಟ್ಟ ತೋಟಗಳನ್ನೂ ತಾಬೋದ ಸಾವಿರ ವರ್ಷದ ಗೋಡೆಗಳನ್ನೂ ನಿಶ್ಚಿಂತೆಯಿಂದ ನೋಡಿ ಬರಲೆಂದು ನಾವು ಹಾರೈಸುವೆವು.